ಅಡಿಕೆ ಸುಲಿಯುತ್ತಾ ಕೂತಾಗ ಮಕ್ಕಳು ಬಾಯಿ ಬಿಡುತ್ತಾರೆ

ನಮ್ಮದು ಹೊಸನಗರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಅಣ್ಣನ ಮನೆ ನಮ್ಮ ತೋಟದ ಆಚೆ ಬದಿಗೆ. ಅವನ ಮಗ ಶಿವಮೊಗ್ಗದಲ್ಲಿ ಹಾಸ್ಟೆಲ್‌ನಲ್ಲಿದ್ದು ಎರಡನೇ ಪಿಯುಸಿ ಓದುತ್ತಿದ್ದ. ದೀಪಾವಳಿಗೆ ಬಂದವನು ವಾಪಸ್ ಹೋಗಲಿಲ್ಲ. ಅವನ ಕಥೆ ಬರೆಯಲಾ ಅಂತ ಅವನನ್ನೇ ಕೇಳಿದೆ. "ಬರಿ ಅತ್ತೆ, ಹೆಸರು ಮಾತ್ರ ಬೇಡ" ಅಂದ. ಮನೆಯಲ್ಲಿ ಈ ವಯಸ್ಸಿನ ಮಕ್ಕಳಿರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ನಮ್ಮ ಕಣ್ಣಿಗೆ ಬಿದ್ದದ್ದು ಬೇಜಾರಲ್ಲ, ಸಿಟ್ಟು. ಊಟಕ್ಕೆ ಕರೆದರೆ ರೇಗುತ್ತಿದ್ದ. ಈ ವಯಸ್ಸಿನಲ್ಲಿ ಖಿನ್ನತೆ ಎಷ್ಟೋ ಸಲ ಅಳುವಾಗಿ ಬರುವುದಿಲ್ಲ. ಸಿಡುಕಾಗಿ, ಹೊಟ್ಟೆನೋವಾಗಿ, ತಲೆನೋವಾಗಿ ಬರುತ್ತದೆ. ರಾತ್ರಿಯೆಲ್ಲ ಎಚ್ಚರ, ಹಗಲೆಲ್ಲ ನಿದ್ದೆ. ಇಷ್ಟದ ಪತ್ರೊಡೆ ಮಾಡಿದರೂ ಮುಟ್ಟಲಿಲ್ಲ. ಒಂದು ದಿನ ತನ್ನ ಕ್ರಿಕೆಟ್ ಬ್ಯಾಟನ್ನು ಪಕ್ಕದ ಮನೆಯ ಹುಡುಗನಿಗೆ ಕೊಟ್ಟುಬಿಟ್ಟ. ಅದನ್ನು ಕೇಳಿದಾಗ ನನಗೆ ಎದೆ ಝಲ್ ಅಂತು. ಪ್ರೀತಿಯ ವಸ್ತುಗಳನ್ನು ಸುಮ್ನೆ ಹಂಚಿಬಿಡುವುದು, "ನಾನಿಲ್ಲದಿದ್ದರೆ ನಿಮಗೇ ಆರಾಮ" ಅನ್ನುವಂಥ ಮಾತು, ಇವೆರಡು ಕಂಡರೆ ಒಂದು ದಿನವೂ ಕಾಯಬೇಡಿ. ಉಳಿದ ಬದಲಾವಣೆಗಳು ಎರಡು ವಾರ ದಾಟಿದರೆ ಡಾಕ್ಟರಿಗೆ ತೋರಿಸಬೇಕು.

ಅಣ್ಣ ಅವನನ್ನು ಎದುರಿಗೆ ಕೂರಿಸಿಕೊಂಡು ಎರಡು ಸಲ ಕೇಳಿದ್ದ. "ಏನಾಗಿದೆ ನಿಂಗೆ? ಹೇಳು." ಹಾಗೆ ಕೇಳಿದರೆ ಯಾವ ಹುಡುಗ ಹೇಳುತ್ತಾನೆ? ಪೊಲೀಸರು ಕೇಳಿದ ಹಾಗೆ ಆಗುತ್ತದೆ ಅಲ್ವಾ. ಆಗ ನಮ್ಮಲ್ಲಿ ಅಡಿಕೆ ಕೊಯ್ಲು ಶುರುವಾಗಿತ್ತು. "ಸಂಜೆ ಬಾರೋ, ಆಳು ಸಾಲ್ತಿಲ್ಲ" ಅಂತ ಕರೆದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತರೆ ಕಣ್ಣು ಕತ್ತಿಯ ಮೇಲೇ ಇರಬೇಕು, ಇಲ್ಲದಿದ್ದರೆ ಬೆರಳು ಹೋಗುತ್ತದೆ. ಅವನ ಕೈಗೆ ನಾನು ಕತ್ತಿ ಕೊಡಲಿಲ್ಲ. ಸುಲಿದ ಅಡಿಕೆಯಲ್ಲಿ ಉಳಿದ ಸಿಪ್ಪೆಯನ್ನು ಆರಿಸುವ ಕೆಲಸ ಕೊಟ್ಟೆ. ನನ್ನ ಕಣ್ಣು ಕತ್ತಿಯ ಮೇಲೆ, ಅವನ ಕಣ್ಣು ಬುಟ್ಟಿಯ ಮೇಲೆ. ಯಾರೂ ಯಾರ ಮುಖವನ್ನೂ ನೋಡುವ ಹಾಗಿಲ್ಲ. ನಾಚಿಕೆಯ ಮಾತು, ಹೆದರಿಕೆಯ ಮಾತು ಹೊರಗೆ ಬರಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ನಿಮ್ಮ ಮನೆಯಲ್ಲಿ ಅಡಿಕೆ ಇಲ್ಲದಿದ್ದರೆ ಅವರೆಕಾಳು ಬಿಡಿಸಿ, ಬಟ್ಟೆ ಮಡಿಸಿ, ಬೈಕಿನ ಹಿಂದೆ ಕೂರಿಸಿಕೊಂಡು ಪೇಟೆಗೆ ಹೋಗಿ ಬನ್ನಿ. ಪಕ್ಕದಲ್ಲಿ ಕೂರುವುದು ಮುಖ್ಯ.

ಸುಲಿಯುವ ಹೆಂಗಸರು ಒಂಬತ್ತಕ್ಕೆ ಎದ್ದು ಹೋಗುತ್ತಿದ್ದರು. ಆಮೇಲೆ ನಾವಿಬ್ಬರೇ. ಮೂರನೇ ರಾತ್ರಿ ಅವನೇ ಬಾಯಿ ತೆರೆದ. "ಅತ್ತೆ, ನಿದ್ದೆನೇ ಬರ್ತಿಲ್ಲ. ಓದಿದ್ದು ಒಂದೂ ತಲೆಗೆ ಹೋಗ್ತಿಲ್ಲ." ನಾನು ಅಲ್ಲಿ ತಪ್ಪು ಮಾಡಿದೆ. "ಎಲ್ಲಾ ಸರಿಹೋಗುತ್ತೆ ಬಿಡು, ಧೈರ್ಯವಾಗಿರು" ಅಂದುಬಿಟ್ಟೆ. ಅವನು "ಹೂಂ" ಅಂದು ಮಾತು ನಿಲ್ಲಿಸಿದ. ಎರಡು ರಾತ್ರಿ ಹಾಗೇ ಕಳೆದವು. ಸಮಾಧಾನದ ಮಾತು ಬೇಗ ಹೇಳಿದರೆ "ಸಾಕು, ನಿಲ್ಲಿಸು" ಅಂದ ಹಾಗೆ ಕೇಳಿಸುತ್ತದೆ. "ಎಷ್ಟು ದಿನದಿಂದ?" "ರಾತ್ರಿ ಎಚ್ಚರವಾದಾಗ ಏನು ಅನ್ನಿಸುತ್ತೆ?" ಅಷ್ಟು ಕೇಳಿ ಸುಮ್ಮನಿರಬೇಕಿತ್ತು. "ನಮ್ಮ ಕಾಲದಲ್ಲಿ" ಅಂತ ಶುರುಮಾಡುವ ಯಾವ ಮಾತೂ ಬೇಡ. ಬೇರೆಯವರ ಮಗನ ಮಾರ್ಕ್ಸಿನ ಮಾತಂತೂ ಬೇಡವೇ ಬೇಡ.

ಆರನೇ ರಾತ್ರಿ ನೇರವಾಗಿ ಕೇಳಿದೆ. "ಸಾಯಬೇಕು ಅಂತ ಅನ್ನಿಸುತ್ತಾ ನಿಂಗೆ?" ಇದನ್ನು ಕೇಳಲು ಎಲ್ಲರಿಗೂ ಭಯ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತೆ ಅಂತ. ಹಾಗಾಗುವುದಿಲ್ಲ. ಒಬ್ಬರಾದರೂ ಕೇಳಿದರಲ್ಲ ಅಂತ ಅವರಿಗೆ ಹಗುರವಾಗುತ್ತದೆ. ನಾಲ್ಕೈದು ಅಡಿಕೆ ಸುಲಿಯುವಷ್ಟು ಹೊತ್ತು ಅವನು ಮಾತಾಡಲಿಲ್ಲ. ಆಮೇಲೆ "ಕೆಲವು ಸಲ" ಅಂದ.

ಕೈ ನಡುಗಿತು. ಕತ್ತಿ ಬದಿಗಿಟ್ಟೆ. ಅಳಲಿಲ್ಲ, ಬೈಯಲಿಲ್ಲ. "ಹೇಳಿದ್ದು ಒಳ್ಳೇದಾಯ್ತು" ಅಂದೆ. ಏನಾದರೂ ಮಾಡಿಕೊಳ್ಳಬೇಕು ಅಂತ ಯೋಚಿಸಿದ್ದೀಯಾ, ಯಾವಾಗ ಅಂತಲೂ ಕೇಳಿದೆ. ಅದನ್ನು ಕೇಳಲೇಬೇಕು. "ಅಪ್ಪಂಗೆ ಹೇಳಬೇಡ" ಅಂದ. ಅದಕ್ಕೆ ಮಾತ್ರ ಒಪ್ಪಲಿಲ್ಲ. "ಊರಿಗೆಲ್ಲ ಹೇಳಲ್ಲ. ಆದರೆ ಅಪ್ಪಂಗೆ, ಡಾಕ್ಟ್ರಿಗೆ ಹೇಳ್ತೀನಿ, ನಿನ್ನ ಜೊತೆಗೇ ಇರ್ತೀನಿ" ಅಂದೆ. ಗುಟ್ಟು ಕಾಯುವ ಮಾತು ಇಲ್ಲಿ ಕೊಡಬಾರದು.

ಆ ರಾತ್ರಿ ಅವನನ್ನು ಒಂಟಿಯಾಗಿ ಬಿಡಲಿಲ್ಲ. ನಮ್ಮ ಮನೆಯ ಜಗಲಿಯಲ್ಲೇ ಹಾಸಿಗೆ ಹಾಕಿ, ಪಕ್ಕದಲ್ಲಿ ನಾನೂ ಮಲಗಿದೆ. ನಮ್ಮಂಥ ತೋಟದ ಮನೆಗಳಲ್ಲಿ ಇನ್ನೊಂದು ಕೆಲಸ ಅವತ್ತೇ ಆಗಬೇಕು. ಕಳೆನಾಶಕ, ತೋಟಕ್ಕೆ ಹೊಡೆಯುವ ಔಷಧಿ ಕೊಟ್ಟಿಗೆಯ ಅಟ್ಟದಲ್ಲಿ ಯಾರ ಕೈಗೂ ಸಿಗುವಂತೆ ಇರುತ್ತವೆ. ಎಲ್ಲವನ್ನೂ ಪೆಟ್ಟಿಗೆಗೆ ಹಾಕಿ ಬೀಗ ಜಡಿದೆವು, ಬೀಗದ ಕೈ ನನ್ನ ಸೆರಗಿನಲ್ಲಿ. ಅಜ್ಜನ ಬಿ.ಪಿ. ಮಾತ್ರೆ, ನಿದ್ದೆ ಮಾತ್ರೆಗಳನ್ನೂ ಒಳಗಿಟ್ಟೆವು. ಅಣ್ಣನ ಮನೆಯಲ್ಲಿ ಕೋವಿ ಇತ್ತು. ಚುನಾವಣೆ ಬಂದಾಗ ಠಾಣೆಗೆ ಕೊಟ್ಟು ಬರುತ್ತೇವಲ್ಲ, ಹಾಗೇ ಕೊಟ್ಟು ಬಂದ. ಆ ಯೋಚನೆ ಜೋರಾಗಿ ಬರುವ ಗಳಿಗೆ ಎಷ್ಟೋ ಸಲ ಬಹಳ ಸಣ್ಣದು. ಆ ಗಳಿಗೆಯಲ್ಲಿ ಕೈಗೆ ಏನೂ ಸಿಗದಿದ್ದರೆ ಮಗು ಉಳಿಯುವ ಸಾಧ್ಯತೆ ಹೆಚ್ಚು.

ಬೆಳಿಗ್ಗೆ 14416ಕ್ಕೆ ಫೋನ್ ಮಾಡಿದೆವು. ಇದು ಟೆಲಿ-ಮಾನಸ್, ಮಾನಸಿಕ ಆರೋಗ್ಯಕ್ಕಾಗಿ 2022ರಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಅಡಿಕೆ ಒಣಗಿಸುವ ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿ ಅವನನ್ನು ನಿಲ್ಲಿಸಿ, ಮಾತು ಕೇಳಿಸದಷ್ಟು ದೂರದಲ್ಲಿ ನಾನು ನಿಂತೆ.

ಅಣ್ಣನನ್ನು ಒಪ್ಪಿಸುವುದೇ ಕಷ್ಟವಾಯಿತು. 18 ತುಂಬದ ಮಕ್ಕಳ ಚಿಕಿತ್ಸೆಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು, ಅವನನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. "ಹುಚ್ಚು ಅಂತಾರೆ ಜನ" ಅಂದ. "ಅಡಿಕೆ ಕೊನೆಗೆ ಕೊಳೆರೋಗ ಬಂದರೆ ಮರಕ್ಕೆ ಬೈತೀಯಾ ಅಣ್ಣ? ಔಷಧಿ ಹೊಡೀತೀಯ ಅಲ್ವಾ?" ಅಂದೆ. ಅವನು ಮಾತಾಡದೆ ಅಂಗಿ ಹಾಕಿಕೊಂಡ. ಅತ್ತಿಗೆ ಸಿಗಂದೂರಿಗೆ ಹರಕೆ ಹೊತ್ತಳು. ಅದಕ್ಕೆ ನಾನು ಅಡ್ಡ ಹೇಳಲಿಲ್ಲ. ದೇವರಿಗೂ ಹೋಗಿ ಬರೋಣ, ಆದರೆ ಮೊದಲು ಆಸ್ಪತ್ರೆ ಅಂದೆ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಅಷ್ಟು ದೂರ ಆಗದವರು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ವಿಚಾರಿಸಿ. ಡಾಕ್ಟರು ಮಗುವಿನ ಜೊತೆ ಸ್ವಲ್ಪ ಹೊತ್ತು ಒಬ್ಬರೇ ಮಾತಾಡಲಿ, ನೀವು ಹೊರಗೆ ಕೂರಿ. ಮಾತ್ರೆ ಕೊಟ್ಟರೆ ಗುಣ ಕಾಣಲು ಕೆಲವು ವಾರ ಬೇಕು. ಹತ್ತನೇ ದಿನಕ್ಕೇ ಅಣ್ಣ "ಏನೂ ಪ್ರಯೋಜನ ಇಲ್ಲ, ನಿಲ್ಲಿಸೋಣ" ಅಂದಿದ್ದ. ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ, ಆರಾಮಾದ ಮೇಲೂ. ಶುರುವಿನ ವಾರಗಳಲ್ಲಿ ಚಡಪಡಿಕೆ ಜಾಸ್ತಿಯಾದರೆ ತಕ್ಷಣ ಹೇಳಿ.

ಏನಾದರೂ ಮಾಡಿಕೊಂಡೇಬಿಟ್ಟಿದ್ದರೆ ಮನೆಮದ್ದು ಬೇಡ, ವಾಂತಿ ಮಾಡಿಸುವುದೂ ಬೇಡ. 108ಕ್ಕೆ ಫೋನ್ ಮಾಡಿ, ಕುಡಿದ ಔಷಧಿಯ ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ. ಮಗುವಿಗೆ ಜೈಲಾಗುತ್ತೆ ಅಂತ ಹೆದರಿ ಮನೆಯಲ್ಲೇ ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಕಾನೂನು ನೋಡುತ್ತದೆ, ಅವರನ್ನು ಶಿಕ್ಷಿಸುವುದಿಲ್ಲ.

ನಮ್ಮ ಹುಡುಗನ ಭಯ ಒಂದೇ ಆಗಿತ್ತು. ಫೇಲಾದರೆ ವರ್ಷ ಹೋಯಿತು, ಅಪ್ಪನ ಸಾಲ ಹಾಳಾಯಿತು ಅಂತ. ಪಿಯುಸಿಯಲ್ಲಿ ಅದೇ ವರ್ಷ ಎರಡನೇ ಸಲ ಪರೀಕ್ಷೆ ಬರೆಯಬಹುದು ಅಂತ ಅವನಿಗೂ ಗೊತ್ತಿತ್ತು. ಆದರೆ "ಎರಡನೇ ಪರೀಕ್ಷೆ ಬರೆದರೂ ನಂಗೇನೂ ಬೇಜಾರಿಲ್ಲ" ಅಂತ ಅಪ್ಪನ ಬಾಯಿಂದ ಕೇಳಬೇಕಿತ್ತು. ಅಣ್ಣ ಅದನ್ನು ಬಸ್‌ನಲ್ಲಿ, ಕಿಟಕಿಯ ಕಡೆ ನೋಡುತ್ತಾ ಹೇಳಿದ. ಮಾರ್ಚಿನಲ್ಲಿ ನಾಲ್ಕು ವಿಷಯ ಪಾಸಾದ, ಗಣಿತ ಮತ್ತು ಭೌತಶಾಸ್ತ್ರ ಎರಡನೇ ಪರೀಕ್ಷೆಯಲ್ಲಿ. ಅದಕ್ಕೂ ಎಷ್ಟೋ ಮೊದಲು, ಆಸ್ಪತ್ರೆಗೆ ಹೋದ ಐದನೇ ವಾರ, ನೀರುದೋಸೆ ಹಾಕುವಾಗ "ಇನ್ನೊಂದು ಹಾಕು ಅತ್ತೆ" ಅಂದಿದ್ದ. ನನಗೆ ಅದೇ ದೊಡ್ಡ ರಿಸಲ್ಟು.

14416 ಅಂತ ನಮ್ಮ ಜಗಲಿಯ ಗೋಡೆಯ ಮೇಲೆ, ಗ್ಯಾಸಿನವರ ನಂಬರಿನ ಕೆಳಗೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೇನೆ. ಸುಲಿಯಲು ಬರುವ ಹೆಂಗಸರಲ್ಲಿ ಇಬ್ಬರು ಅದು ಯಾರ ನಂಬರ್ ಅಂತ ಕೇಳಿ, ಫೋನಿಗೆ ಹಾಕಿಸಿಕೊಂಡು ಹೋದರು.