ಶುಗರ್ ಮಾತ್ರೆಗೆ ದುಡ್ಡು ಕಟ್ತಾ ಇದ್ದೀರಾ? ಇಂಗ್ಲೆಂಡ್‌ನಲ್ಲಿರುವವರಿಗೆ

ಇಂಗ್ಲೆಂಡ್‌ನಲ್ಲಿ 2024ರ ಮೇ ತಿಂಗಳಿಂದ ಚೀಟಿಯಲ್ಲಿರುವ ಒಂದೊಂದು ಔಷಧಿಗೂ 9.90 ಪೌಂಡ್. ಮೆಟ್‌ಫಾರ್ಮಿನ್ ಜೊತೆಗೆ ಬಿಪಿಗೊಂದು, ಕೊಲೆಸ್ಟ್ರಾಲ್‌ಗೊಂದು ಸೇರಿದರೆ ಒಂದು ಸಲಕ್ಕೆ 29.70 ಹೋಯಿತು. ಶುಗರ್‌ಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಇದನ್ನು ಕೊಡಬೇಕಾಗಿಯೇ ಇಲ್ಲ. ಶುಗರ್ ಮಾತ್ರೆ ಮಾತ್ರ ಅಲ್ಲ, ಕೆಮ್ಮಿಗೆ ಬರೆದ ಆಂಟಿಬಯಾಟಿಕ್ಕೂ ಫ್ರೀ.

ಆದರೆ ಇದು ತಾನಾಗಿಯೇ ಸಿಗುವುದಿಲ್ಲ. ಮೆಡಿಕಲ್ ಎಕ್ಸೆಂಪ್ಷನ್ ಸರ್ಟಿಫಿಕೇಟ್ ಅಂತ ಒಂದಿದೆ, ಅದನ್ನು ಕೇಳಿ ಮಾಡಿಸಿಕೊಳ್ಳಬೇಕು. ನಿಮ್ಮ ಜಿಪಿ ಸರ್ಜರಿಯ ರಿಸೆಪ್ಷನ್‌ನಲ್ಲಿ ಎಫ್‌ಪಿ92ಎ ಫಾರ್ಮ್ ಬೇಕು ಅನ್ನಿ, ಸಾಕು. ಇದಕ್ಕಾಗಿ ಡಾಕ್ಟರ್ ಅಪಾಯಿಂಟ್‌ಮೆಂಟ್‌ಗೆ ಸುಮ್ನೆ ಕಾಯಬೇಡಿ. ನಿಮ್ಮ ಭಾಗ ನೀವು ತುಂಬಿ ಕೊಟ್ಟರೆ ಅವರು ಸಹಿ ಹಾಕಿ, ಸರ್ಟಿಫಿಕೇಟ್ ಕೊಡುವ ಎನ್‌ಎಚ್‌ಎಸ್ ಕಚೇರಿಗೆ ಕಳಿಸುತ್ತಾರೆ.

ಜನ ಎಡವುವುದು ಇಲ್ಲಿ. ಫಾರ್ಮ್ ಕೊಟ್ಟಾಯ್ತಲ್ಲ, ಹೇಗೂ ನನಗೆ ಶುಗರ್ ಇದೆಯಲ್ಲ ಅಂತ ಸರ್ಟಿಫಿಕೇಟ್ ಬರುವ ಮೊದಲೇ ಫಾರ್ಮಸಿಯಲ್ಲಿ ಫ್ರೀ ಅಂತ ಟಿಕ್ ಮಾಡಿಬಿಡುತ್ತಾರೆ, ಆಮೇಲೆ ಔಷಧಿಯ ದುಡ್ಡಿನ ಜೊತೆಗೆ 100 ಪೌಂಡ್‌ವರೆಗೆ ದಂಡದ ಪತ್ರ ಮನೆಗೆ ಬರುತ್ತದೆ. ಅಲ್ಲಿಯವರೆಗೆ ದುಡ್ಡು ಕೊಟ್ಟುಬಿಡಿ, ಆದರೆ ಕೊಡುವಾಗಲೇ ಎಫ್‌ಪಿ57 ರಸೀದಿ ಕೇಳಿ. ಮಾಮೂಲಿ ಬಿಲ್ ನಡೆಯುವುದಿಲ್ಲ, ಈ ರಸೀದಿಯನ್ನು ನಂತರ ಕೇಳಿದರೆ ಕೊಡುವುದೂ ಇಲ್ಲ. ಅರ್ಜಿ ಆ ಕಚೇರಿಯ ಕೈ ಸೇರಿದ ದಿನಕ್ಕಿಂತ ಒಂದು ತಿಂಗಳು ಹಿಂದಿನಿಂದಲೇ ಸರ್ಟಿಫಿಕೇಟ್ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಆ ದುಡ್ಡು ವಾಪಸ್ ಸಿಗುತ್ತದೆ. ದುಡ್ಡು ಕೊಟ್ಟ ಮೂರು ತಿಂಗಳೊಳಗೆ ಕೇಳಬೇಕು ಅಷ್ಟೇ.

ಬರೀ ಪಥ್ಯದಲ್ಲೇ ಶುಗರ್ ಹಿಡಿತದಲ್ಲಿ ಇಟ್ಟುಕೊಂಡವರಿಗೆ ಈ ಸರ್ಟಿಫಿಕೇಟ್ ಇಲ್ಲ. ಇದು ನನಗೆ ಸರಿ ಅನ್ನಿಸುವುದಿಲ್ಲ, ಬಾಯಿ ಕಟ್ಟಿದವರಿಗೇ ಬರೆ! ಅಂಥವರಿಗೆ ಬೇರೆ ಔಷಧಿ ಜಾಸ್ತಿ ಇದ್ದರೆ ಔಷಧಿಯ ದುಡ್ಡನ್ನು ಒಟ್ಟಿಗೆ ಮುಂಗಡವಾಗಿ ಕಟ್ಟಿಬಿಡುವ, ವರ್ಷಕ್ಕೆ 114.50 ಪೌಂಡಿನ ಪ್ರಿಪೇಮೆಂಟ್ ಸರ್ಟಿಫಿಕೇಟ್ ಒಳ್ಳೆಯದು. ಬಸುರಿನಲ್ಲಿ ಶುಗರ್ ಬಂದವರಿಗೆ ಮೆಟರ್ನಿಟಿ ಸರ್ಟಿಫಿಕೇಟ್ ಬೇರೆಯೇ ಇದೆ. 60 ದಾಟಿದವರಿಗೆ ಇದ್ಯಾವುದೂ ಬೇಡ, ವಯಸ್ಸೇ ಸಾಕು. ವೇಲ್ಸ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ನಲ್ಲಿ ಎಲ್ಲರಿಗೂ ಫ್ರೀ, ಅಲ್ಲಿರುವವರು ಇದನ್ನು ಓದುವ ಕಷ್ಟವೂ ಬೇಡ.

ಹಲ್ಲಿನ ಡಾಕ್ಟರ ಬಿಲ್ಲಿಗೆ ಮೆಡಿಕಲ್ ಎಕ್ಸೆಂಪ್ಷನ್ ಸರ್ಟಿಫಿಕೇಟ್ ನಡೆಯುವುದಿಲ್ಲ. ಕಣ್ಣಿನ ಪರೀಕ್ಷೆ ಮಾತ್ರ ಶುಗರ್ ಇದ್ದವರಿಗೆ ಹೇಗೂ ಫ್ರೀ.

ಸರ್ಟಿಫಿಕೇಟ್ ಐದು ವರ್ಷ ನಡೆಯುತ್ತದೆ. ಕೊನೆಯ ತಾರೀಕನ್ನು ಫೋನ್‌ನಲ್ಲಿ ಹಾಕಿಟ್ಟುಕೊಳ್ಳಿ. ಮನೆ ಬದಲಿಸಿದರೆ ಎನ್‌ಎಚ್‌ಎಸ್ ಕಚೇರಿಗೆ ಹೊಸ ವಿಳಾಸ ತಿಳಿಸಿ, ಇಲ್ಲದಿದ್ದರೆ ನೆನಪಿಸುವ ಪತ್ರ ಹಳೇ ಮನೆ ಬಾಗಿಲಲ್ಲೇ ಬಿದ್ದಿರುತ್ತದೆ.