ಮೇ ತಿಂಗಳ ತೋಟದ ಸುತ್ತಾಟ, ಬಂದ ಮೇಲೆ ಒಂದು ಲೋಟ ಕಷಾಯ

ಮೂಡಿಗೆರೆ ಕಡೆ ಮೇ ತಿಂಗಳಲ್ಲಿ ವಾಕಿಂಗ್ ಹೋಗೋದಾದರೆ ಬೆಳಿಗ್ಗೆಯೇ ಸರಿ. ಮಧ್ಯಾಹ್ನ ಕಳೆದರೆ ಯಾವಾಗ ಗುಡುಗುತ್ತೋ ಹೇಳಕ್ಕಾಗಲ್ಲ, ಸಿಲ್ವರ್ ಓಕ್ ಮರದ ಕೆಳಗೆ ನಿಲ್ಲುವ ಧೈರ್ಯ ನನಗಿಲ್ಲ. ಹಾಗಂತ ಕತ್ತಲಲ್ಲೇ ಹೊರಡಬೇಡಿ, ಇದು ಆನೆ ಓಡಾಡುವ ಜಾಗ. ಚೆನ್ನಾಗಿ ಬೆಳಕಾದ ಮೇಲೆ, ಕೆಲಸಕ್ಕೆ ಬರುವವರನ್ನು "ರಾತ್ರಿ ಈ ಕಡೆ ಆನೆ ಬಂದಿತ್ತಾ?" ಅಂತ ಕೇಳಿಯೇ ಗೇಟು ದಾಟಿ. ಬೇರೆಯವರ ತೋಟವಾದರೆ ಅವರನ್ನೂ ಒಂದು ಮಾತು ಕೇಳಿ.

ನಡೆಯುತ್ತಾ ಮಾತಾಡಲು ಆಗಬೇಕು, ಅಷ್ಟೇ ವೇಗ. ಮಂಡಿ ನೋವಿರುವ ನನ್ನಂಥವರಿಗೆ ಇಳಿಜಾರಿನಲ್ಲಿ ಕೋಲು ಬೇಕೇ ಬೇಕು. ಸಕ್ಕರೆ ಕಾಯಿಲೆ ಇದ್ದರೆ ತಿಂಡಿ ತಿಂದು ಹೊರಡಿ. ಊಟ ತಿಂಡಿ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೂ ಶುಗರ್ ಅಷ್ಟು ಜಾಸ್ತಿ ಏರೋದಿಲ್ಲ.

ಮೆಣಸಿನ ಬಳ್ಳಿಯಲ್ಲಿ ಈಗ ನೋಡಲು ಏನಿಲ್ಲ. ಕೊಯ್ಲು ಮುಗಿದಿದೆ, ಹೊಸ ಹೂವಿಗೆ ಮುಂಗಾರು ಹಿಡಿಯಬೇಕು. ನಿಲ್ಲಬೇಕಾದ್ದು ಏಲಕ್ಕಿ ಹತ್ತಿರ. ತಲೆ ಎತ್ತಿ ಎಲೆ ನೋಡಿದರೆ ಹೂ ಸಿಗಲ್ಲ. ಬುಡದ ತರಗೆಲೆಯನ್ನು ಕೋಲಿನಿಂದ ಸರಿಸಿ (ಕೈ ಹಾಕಬೇಡಿ, ಹಾವಿದ್ದೀತು), ಆಮೇಲೆ ಬಗ್ಗಿ ನೋಡಿ. ನೆಲಕ್ಕೆ ಒರಗಿದ ತೆನೆಯಲ್ಲಿ ಪುಟ್ಟ ಬಿಳಿ ಹೂ, ದಳದ ಮೇಲೆ ನೇರಳೆ ಗೆರೆಗಳು. ಕೀಳಬೇಡಿ, ಕಾಯಾಗೋದು ಅದೇ. ದಾಲ್ಚಿನ್ನಿ ಗುರುತು ಸುಲಭ: ಎಲೆಯಲ್ಲಿ ಉದ್ದಕ್ಕೆ ಮೂರು ನರ, ಉಜ್ಜಿದರೆ ಲವಂಗದ ಪರಿಮಳ.

ಇನ್ನು ಆರೋಗ್ಯದ ಮಾತು. ಅರಿಶಿನಕ್ಕೆ ಕಾಳುಮೆಣಸು ಸೇರಿಸಿ ಅಂತ ಎಲ್ಲರೂ ಹೇಳ್ತಾರೆ, ಅಲ್ವಾ? ಅದು ಸುಮ್ನೆ ಹುಟ್ಟಿದ್ದಲ್ಲ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಪ್ರಕಟಿಸಿದ ಅಧ್ಯಯನದಲ್ಲಿ ಅರಿಶಿನದ ಮುಖ್ಯ ಅಂಶವಾದ ಕರ್ಕ್ಯುಮಿನ್ 2 ಗ್ರಾಂ, ಅದರ ಜೊತೆ ಮೆಣಸಿನ ಖಾರದ ಅಂಶವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ, ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಸುಮಾರು 20 ಪಟ್ಟು ಹೆಚ್ಚಿತ್ತು. ಆದರೆ ಅರಿಶಿನದಲ್ಲಿ ಕರ್ಕ್ಯುಮಿನ್ ಇರೋದೇ ನೂರಕ್ಕೆ ಮೂರರ ಆಸುಪಾಸು. ಚಿಟಿಕೆ ಅರಿಶಿನದಿಂದ ಪವಾಡ ಆಗಲ್ಲ. ಶುಂಠಿ ವಾಕರಿಕೆಗೆ ನಿಜಕ್ಕೂ ಆಗುತ್ತೆ. ಏಲಕ್ಕಿಯನ್ನು ನಾನು ಘಮಕ್ಕಷ್ಟೇ ಹಾಕೋದು. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಅರಿಶಿನದ ಕ್ಯಾಪ್ಸೂಲಿನ ತಂಟೆಗೆ ಹೋಗಬೇಡಿ, ಸಾರಿಗೆ ಹಾಕಿದ್ದು ಸಾಕು.

ಕಷಾಯದ ಪುಡಿಗೆ ಒಂದು ಲೋಟ ಕೊತ್ತಂಬರಿ, ಅರ್ಧ ಲೋಟ ಜೀರಿಗೆ, ಒಂದು ಚಮಚ ಮೆಣಸು, ಅರ್ಧ ಚಮಚ ಮೆಂತ್ಯ. ಬೇರೆ ಬೇರೆಯಾಗಿ ಹುರಿಯಿರಿ, ಮೆಂತ್ಯ ಕಪ್ಪಾದರೆ ಎಲ್ಲಾ ಕಹಿ. ಆರಿದ ಮೇಲೆ ಒಂದು ಏಲಕ್ಕಿ ಸೇರಿಸಿ ತರಿತರಿಯಾಗಿ ಪುಡಿ ಮಾಡಿ. ಲೋಟ ನೀರಿಗೆ ಒಂದು ಚಮಚ ಪುಡಿ, ಜಜ್ಜಿದ ಶುಂಠಿ, ಬೇಕಾದರೆ ಬೆಲ್ಲ ಹಾಕಿ ಐದು ನಿಮಿಷ ಕುದಿಸಿ. ಹಾಲು ಬೇಕಿದ್ದರೆ ಒಲೆ ಆರಿಸಿದ ಮೇಲೆ ಹಾಕಿ. ಬೆಲ್ಲದ ಜೊತೆ ಕುದಿಸಿದರೆ ಒಡೆದು ಹೋಗುತ್ತೆ.