ವೈಬಿಸಿಒ ಬ್ರಿಡ್ಜ್ ಮೇಲೆ ಲೇಸರ್: ಬಿಸಿಯಾಯಿತೋ, ಜೋಡಿ ಮುರಿಯಿತೋ?

ಸಾಕಷ್ಟು ತಣಿಸಿದಾಗ ರೋಧವೇ ಇಲ್ಲದಂತಾಗುವ ಅತಿವಾಹಕ ಫಿಲ್ಮಿನ ಮೇಲೆ ಲೇಸರ್ ಬಿಟ್ಟು ರೋಧ ಹುಟ್ಟಿಸುವುದು ಸುಲಭ. 1971ರಲ್ಲೇ ಭೌತವಿಜ್ಞಾನಿ ಟೆಸ್ಟಾರ್ಡಿ ಸೀಸದ ಫಿಲ್ಮಿನಲ್ಲಿ ಅದನ್ನು ಮಾಡಿ ತೋರಿಸಿದ್ದರು. ಕಷ್ಟವಿರುವುದು ಆ ರೋಧ ಬರಿಯ ಬಿಸಿಯಿಂದ ಬಂತೋ, ಬೆಳಕು ಕೂಪರ್ ಜೋಡಿಗಳನ್ನು (ರೋಧವಿಲ್ಲದೆ ಕರೆಂಟ್ ಒಯ್ಯುವ ಎಲೆಕ್ಟ್ರಾನ್ ಜೋಡಿಗಳನ್ನು) ನೇರವಾಗಿ ಮುರಿದದ್ದರಿಂದ ಬಂತೋ ಎಂದು ಬೇರ್ಪಡಿಸುವುದರಲ್ಲಿ. ಯಿಟ್ರಿಯಂ, ಬೇರಿಯಂ, ತಾಮ್ರದ ಆಕ್ಸೈಡಾದ ವೈಬಿಸಿಒ ಬಳಸುವ ಈ ಪ್ರಯೋಗಕ್ಕೆ ತಣಿಸಲು ದ್ರವ ಸಾರಜನಕ ಸಾಕು, ಹೀಲಿಯಂ ಬೇಡ.

ಲ್ಯಾಂಥನಮ್ ಅಲ್ಯುಮಿನೇಟ್ ಸ್ಫಟಿಕದ ತಳದ ಮೇಲೆ ಬೆಳೆಸಿದ 100 ನ್ಯಾನೋಮೀಟರ್ ದಪ್ಪದ ವೈಬಿಸಿಒ ಫಿಲ್ಮ್ ತೆಗೆದುಕೊಳ್ಳಿ. ಅದರಲ್ಲಿ ಕೆತ್ತಿದ ಕಿರಿದಾದ ಪಟ್ಟಿ, ಅಂದರೆ ಬ್ರಿಡ್ಜ್, 20 ಮೈಕ್ರೋಮೀಟರ್ ಅಗಲ, 100 ಮೈಕ್ರೋಮೀಟರ್ ಉದ್ದ ಇರಲಿ. 100 ಕೆಲ್ವಿನ್‌ನಲ್ಲಿ ಸುಮಾರು 50 ಓಮ್ ಬರಬೇಕು. ಅದರ ಎರಡು ಮೂರು ಪಟ್ಟು ಬಂದರೆ ಫಿಲ್ಮ್ ಆಮ್ಲಜನಕ ಕಳೆದುಕೊಂಡಿದೆ, ಇಲ್ಲವೇ ಬಿರುಕು ಬಿಟ್ಟಿದೆ. ವೈಬಿಸಿಒಗೆ ನೀರು ಆಗುವುದಿಲ್ಲ. ಅಸಿಟೋನ್, ಐಸೋಪ್ರೊಪನಾಲ್‌ನಲ್ಲಷ್ಟೇ ತೊಳೆಯಿರಿ. ಚಿನ್ನದ ಪ್ಯಾಡ್‌ಗಳಿಂದ ನಾಲ್ಕು ತಂತಿ ಎಳೆಯಿರಿ: ಎರಡು ಕರೆಂಟಿಗೆ, ಎರಡು ವೋಲ್ಟೇಜಿಗೆ.

ತಾಮ್ರದ ಹಿಡಿಕೆಗೆ ಅಪಿಯೆಝಾನ್ ಗ್ರೀಸ್ (ನಿರ್ವಾತಕ್ಕೆ ಒಗ್ಗುವ ಗ್ರೀಸ್) ತೆಳುವಾಗಿ ಸವರಿ ಮಾದರಿಯನ್ನು ಕೂರಿಸಿ, ಪಕ್ಕದಲ್ಲೇ ಪಿಟಿ-100 ಎಂಬ ಪ್ಲಾಟಿನಂ ಥರ್ಮಾಮೀಟರ್ ಇಡಿ. 77 ಕೆಲ್ವಿನ್‌ನಲ್ಲಿ ಅದು ಸುಮಾರು 20 ಓಮ್ ತೋರಿಸುತ್ತದೆ. ಬೆಂಗಳೂರಿನಲ್ಲಿ ಕೆಲಸ ಮಾಡುವವರು ಒಂದನ್ನು ಮರೆಯಬಾರದು: 920 ಮೀಟರ್ ಎತ್ತರದಲ್ಲಿ ವಾಯುಒತ್ತಡ ಕಡಿಮೆ, ಹಾಗಾಗಿ ಸಾರಜನಕ 76.4 ಕೆಲ್ವಿನ್ ಆಸುಪಾಸಿನಲ್ಲೇ ಕುದಿಯುತ್ತದೆ. ಪುಸ್ತಕದ 77.4 ಇಟ್ಟುಕೊಂಡು ಥರ್ಮಾಮೀಟರ್ ಸರಿಮಾಡಿದರೆ ಒಂದು ಕೆಲ್ವಿನ್ ತಪ್ಪುತ್ತದೆ, ಇಲ್ಲಿ ರೋಧ ಇಳಿದು ಸೊನ್ನೆಯಾಗುವ ಸಂಕ್ರಮಣದ ಅಗಲವೇ ಅಷ್ಟು.

ಮಾದರಿ ಇರುವ ಪಾತ್ರೆಯ ಗಾಳಿಯನ್ನು ಮೊದಲು ಪಂಪ್ ಮಾಡಿ ತೆಗೆಯಿರಿ, ಆಮೇಲೆ ತಣಿಸಿ. ಕ್ರಮ ತಪ್ಪಿದರೆ ಒಳಗುಳಿದ ತೇವ ಫಿಲ್ಮಿನ ಮೇಲೇ ಹೆಪ್ಪುಗಟ್ಟುತ್ತದೆ. ಕತ್ತಲಲ್ಲಿ 0.1 ಮಿಲಿಆಂಪ್ ಹರಿಸಿ, ದಿಕ್ಕು ತಿರುಗಿಸುತ್ತ, ತಾಪಕ್ಕೆ ತಕ್ಕಂತೆ ರೋಧ ಹೇಗೆ ಬದಲಾಗುತ್ತದೆಂದು ಅಳೆದು ಅದರ ಇಳಿಜಾರು ತೆಗೆದಿಟ್ಟುಕೊಳ್ಳಿ.

ಈಗ 650 ನ್ಯಾನೋಮೀಟರ್ ಡಯೋಡ್ ಲೇಸರ್. 1 ಮಿಲಿವಾಟ್, 50 ಮೈಕ್ರೋಮೀಟರ್ ಚುಕ್ಕೆ, 1 ಕಿಲೋಹರ್ಟ್ಜ್‌ನಲ್ಲಿ ಆನ್-ಆಫ್, ಆ ಆವರ್ತನದ ಸಿಗ್ನಲ್ಲನ್ನಷ್ಟೇ ಹೆಕ್ಕುವ ಲಾಕ್-ಇನ್ ಆಂಪ್ಲಿಫೈಯರ್‌ನಲ್ಲಿ ಅಳೆಯಿರಿ. ಪಾತ್ರೆಯ ಕಿಟಕಿಯ ಪ್ರತಿಫಲನ ಕಣ್ಣಿಗೆ ಬರುವಂತಿದ್ದರೆ ಲೇಸರ್ ಕನ್ನಡಕವಿಲ್ಲದೆ ಬಗ್ಗಿ ನೋಡಬೇಡಿ. ಎಷ್ಟು ಸಿಗ್ನಲ್ ಬರಬೇಕೆಂದು ಮುಂಚೆಯೇ ಲೆಕ್ಕ ಹಾಕಿ. ತೀವ್ರತೆ ಚದರ ಸೆಂಟಿಮೀಟರ್‌ಗೆ ಸುಮಾರು 50 ವಾಟ್. ಫಿಲ್ಮ್-ತಳದ ಗಡಿಯೊಂದೇ ಸುಮಾರು 0.05 ಕೆಲ್ವಿನ್ ಏರಿಸುತ್ತದೆ. ಇಳಿಜಾರು ಕೆಲ್ವಿನ್‌ಗೆ 50 ಓಮ್ ಇದ್ದರೆ 0.1 ಮಿಲಿಆಂಪ್‌ಗೆ 0.25 ಮಿಲಿವೋಲ್ಟ್. ಚೌಕ ಅಲೆಯಾದ್ದರಿಂದ ಲಾಕ್-ಇನ್ ಅದರ 0.45 ಪಾಲು, ಅಂದರೆ 0.11ರಷ್ಟು ತೋರಿಸುತ್ತದೆ. ತಳವೂ ಬಿಸಿಯಾಗುವುದರಿಂದ ನಿಜವಾದದ್ದು ಇದಕ್ಕಿಂತ ಹೆಚ್ಚಿರುತ್ತದೆ. ಕೆಲವೇ ಮೈಕ್ರೋವೋಲ್ಟ್ ಬಂದರೆ ಚುಕ್ಕೆ ಬ್ರಿಡ್ಜಿನಿಂದ ಜಾರಿದೆ.

ಸಿಗ್ನಲ್ ಬಂದ ತಕ್ಷಣ ನಂಬಬೇಡಿ. ಕಿರಣಕ್ಕೆ ಕಪ್ಪು ಕಾರ್ಡ್ ಅಡ್ಡ ಹಿಡಿಯಿರಿ. ಸಿಗ್ನಲ್ ಉಳಿದರೆ ಅದು ಲೇಸರ್ ಡ್ರೈವರ್‌ನಿಂದ ತಂತಿಗೆ ನುಸುಳಿದ್ದು. ನಂತರ ಕರೆಂಟ್ ತಿರುಗಿಸಿ. ಚಿಹ್ನೆ ಬದಲಾಗದ ಭಾಗ ಥರ್ಮೋಎಲೆಕ್ಟ್ರಿಕ್, ಅಂದರೆ ತಾಪದ ವ್ಯತ್ಯಾಸವೇ ಹುಟ್ಟಿಸಿದ ವೋಲ್ಟೇಜ್. ತಳದ ಸ್ಫಟಿಕವನ್ನು ಓರೆಯಾಗಿ ಕತ್ತರಿಸಿದ್ದರೆ ವೈಬಿಸಿಒ ಕೋಣೆಯ ತಾಪದಲ್ಲೂ ಇಂಥ ವೋಲ್ಟೇಜ್ ಕೊಡುತ್ತದೆ. ಕೊನೆಗೆ ಸಿಗ್ನಲ್ಲನ್ನು ಕತ್ತಲಿನ ಇಳಿಜಾರಿನ ಮೇಲಿಟ್ಟು ನೋಡಿ. ಎರಡೂ ಕೂಡಿಕೊಂಡರೆ ನೀವು ಬಿಸಿಯನ್ನೇ ಅಳೆಯುತ್ತಿದ್ದೀರಿ.

ಹೆಚ್ಚಿನವರಿಗೆ ಹಾಗೇ ಆಗುತ್ತದೆ. ಇಳಿಜಾರು ಸೊನ್ನೆಯಾದ ಕೆಳತಾಪದಲ್ಲೂ ಸಿಗ್ನಲ್ ಉಳಿದರೆ ಹಿಗ್ಗಬೇಡಿ: ಕರೆಂಟ್ ಕ್ರಿಟಿಕಲ್ ಮಿತಿಯ (ಫಿಲ್ಮ್ ರೋಧವಿಲ್ಲದೆ ಒಯ್ಯಬಲ್ಲ ಗರಿಷ್ಠ ಕರೆಂಟಿನ) ಹತ್ತಿರವಿದ್ದರೆ ಬಿಸಿಯಿಂದ ಆ ಮಿತಿಯೇ ಕುಸಿದೂ ವೋಲ್ಟೇಜ್ ಬರುತ್ತದೆ. ಜೋಡಿ ಮುರಿತ ಪಿಕೋಸೆಕೆಂಡ್‌ಗಳ ಆಟ, ಫಿಲ್ಮ್ ತಳಕ್ಕೆ ಬಿಸಿ ಬಿಡುವುದು ನ್ಯಾನೋಸೆಕೆಂಡ್‌ಗಳಲ್ಲಿ. 1 ಕಿಲೋಹರ್ಟ್ಜ್‌ಗೆ ಇವೆರಡೂ ಒಂದೇ. ಬೇರ್ಪಡಿಸಲು ಫೆಮ್ಟೋಸೆಕೆಂಡ್ ಲೇಸರ್ ಮತ್ತು ವೇಗದ ಆಸಿಲೋಸ್ಕೋಪ್ ಬೇಕು. ಆಗ ಜೋಡಿ ಕಡಿಮೆಯಾಗಿ ಕೈನೆಟಿಕ್ ಇಂಡಕ್ಟನ್ಸ್ (ಜೋಡಿಗಳ ಜಡತ್ವದಿಂದ ಬರುವ ಇಂಡಕ್ಟನ್ಸ್) ಏರಿಳಿದದ್ದು ಮೇಲೆ ಕೆಳಗೆ ಎರಡೂ ಕಡೆ ಹೋಗುವ ವೋಲ್ಟೇಜ್ ಮಿಡಿತವಾಗಿ ಕಾಣುತ್ತದೆ.

ಬ್ರಿಡ್ಜನ್ನು ಸ್ವಿಚ್ಚಾಗಿ ಬಳಸುವುದಾದರೆ ಕ್ರಿಟಿಕಲ್ ಕರೆಂಟಿನ, ಅಂದರೆ ಸುಮಾರು 20 ಮಿಲಿಆಂಪ್‌ನ, ಶೇ. 80ರಷ್ಟು ಹರಿಸಿ. ಪಕ್ಕದಲ್ಲಿ ಸಮಾಂತರವಾಗಿ 1 ಓಮ್ ರೋಧಕವನ್ನು ತಣ್ಣನೆಯ ಹಿಡಿಕೆಯ ಮೇಲೆಯೇ ಕಟ್ಟಿ. ಅದಿಲ್ಲದಿದ್ದರೆ ಬೆಳಕು ತೆಗೆದರೂ ಬ್ರಿಡ್ಜ್ ತನ್ನದೇ ಜೌಲ್ ಬಿಸಿಯಲ್ಲಿ ಸಿಕ್ಕಿಕೊಂಡು ಮರಳುವುದಿಲ್ಲ, ಕೆಲವೊಮ್ಮೆ ಸುಟ್ಟೇ ಹೋಗುತ್ತದೆ. ರೋಧಕವಿದ್ದರೆ ಕರೆಂಟ್ ಅದರೊಳಗೆ ಸರಿದು ಬ್ರಿಡ್ಜ್ ತಣಿಯುತ್ತದೆ.

ಮುಗಿದ ಮೇಲೆ ಮಾದರಿ ಕೋಣೆಯ ತಾಪಕ್ಕೆ ಬರುವ ತನಕ ನಿರ್ವಾತ ಒಡೆಯಬೇಡಿ. ತಣ್ಣಗಿನ ಫಿಲ್ಮಿನ ಮೇಲೆ ಇಬ್ಬನಿ ಕೂತರೆ ಮುಂದಿನ ಬಾರಿ ಅದೇ ಬ್ರಿಡ್ಜ್ ಅದೇ ಅಳತೆ ಕೊಡುವುದಿಲ್ಲ.